ಕಡಲಿಗೆ ಹೋಗಿ ಮರಳದವರು: ಮಫ್ಕೂದ್‌ನ ಫಿಕ್ಹ್ ಮತ್ತು ಹಡಗುಗಳ ದಾಖಲೆ

ಅರಬಿ ಭಾಷೆಯಲ್ಲಿ ‘ಮಫ್ಕೂದ್’ ಎಂದರೆ ಕಾಣೆಯಾದವನು. ಹನಫಿ ಮದ್‌ಹಬ್‌ನ ಪ್ರಸಿದ್ಧ ಗ್ರಂಥ ‘ಹಿದಾಯ’ದಲ್ಲಿ ಈ ಹೆಸರಿನದೇ ಒಂದು ಅಧ್ಯಾಯವಿದೆ. ಮನೆಯಿಂದ ಹೊರಟವನು ಎಲ್ಲಿದ್ದಾನೆಂದು ಹೇಳಬಲ್ಲವರು ಯಾರೂ ಇಲ್ಲ. ಬದುಕಿದ್ದಾನೆಯೇ, ಮೃತನಾಗಿದ್ದಾನೆಯೇ ಎಂಬುದೂ ತಿಳಿಯದು. ಅಂಥವನೇ ಮಫ್ಕೂದ್. ಅವನ ಹೊಲಗದ್ದೆಗಳ ಗತಿಯೇನು? ಅವನಿಗೆ ಸಲ್ಲಬೇಕಾದ ಸಾಲವನ್ನು ಯಾರು ವಸೂಲು ಮಾಡಬೇಕು? ಅವನ ಪತ್ನಿ ಎಷ್ಟು ಕಾಲ ಕಾಯಬೇಕು? ಫುಕಹಾಗಳು ಈ ಪ್ರಶ್ನೆಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸಿದ್ದಾರೆ.

ಈ ಅಧ್ಯಾಯ ನಮ್ಮ ಕರಾವಳಿಯ ಮನೆಗಳಿಗೆ ಅಪರಿಚಿತವಾದುದಲ್ಲ. ಭಟ್ಕಳ, ಹೊನ್ನಾವರ, ಮಂಗಳೂರಿನ ಹಳೆಯ ಮನೆತನವೊಂದರ ವಂಶಾವಳಿ ಬರೆಯಲು ಕುಳಿತವರಿಗೆ ಇದು ಗೊತ್ತು. ಒಂದು ಹೆಸರಿನ ಕೆಳಗೆ ಮಕ್ಕಳು, ಮೊಮ್ಮಕ್ಕಳು ಹರಡಿಕೊಂಡು ಹೋಗುತ್ತಾರೆ. ಪಕ್ಕದ ಇನ್ನೊಂದು ಹೆಸರು ಮಾತ್ರ ‘ಹಡಗಿಗೆ ಹೋದರು, ಮತ್ತೆ ಬರಲಿಲ್ಲ’ ಎಂಬ ಒಂದೇ ಮಾತಿನಲ್ಲಿ ನಿಂತುಬಿಡುತ್ತದೆ. ಕೆಲವೊಮ್ಮೆ ‘ರಂಗೂನಿಗೆ ಹೋದರು’ ಅಥವಾ ‘ಕೊಲಂಬೋಗೆ ಹೋದರು’ ಎಂದಿರುತ್ತದೆ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಆ ಹೆಸರು ವಂಶಾವಳಿಯಿಂದಲೇ ಜಾರಿಹೋಗುತ್ತದೆ. ಅವರು ಸತ್ತರೆಂದು ಯಾರೂ ನಿರ್ಣಯಿಸಿಲ್ಲ, ಹುಡುಕಿದವರೂ ಇಲ್ಲ. ಮರೆವೇ ಅವರ ಮರಣಪತ್ರವಾಗಿದೆ.

ಫಿಕ್ಹ್ ಇದನ್ನು ಒಪ್ಪುವುದಿಲ್ಲ. ಮಫ್ಕೂದ್‌ನ ಸ್ವಂತ ಸೊತ್ತಿನ ವಿಷಯದಲ್ಲಿ ಅವನು ಜೀವಂತನೆಂದೇ ಲೆಕ್ಕ. ಆದ್ದರಿಂದ ವಾರೀಸುದಾರರು ಅದನ್ನು ಹಂಚಿಕೊಳ್ಳುವಂತಿಲ್ಲ. ನ್ಯಾಯಾಧೀಶನು ಒಬ್ಬ ಪಾಲಕನನ್ನು ನೇಮಿಸಿ ಅದನ್ನು ಕಾಪಾಡಬೇಕು. ಅವನ ತಂದೆಯೋ ಸಹೋದರನೋ ಈ ನಡುವೆ ತೀರಿಕೊಂಡರೆ, ಮಫ್ಕೂದ್‌ಗೆ ಬರಬಹುದಾದ ಪಾಲನ್ನು ಬದಿಗೆ ತೆಗೆದಿಡಬೇಕು. ಮರಳಿ ಬಂದರೆ ಅದು ಅವನದು. ಮೃತನೆಂದು ನಿರ್ಣಯವಾದರೆ ಅದು ಇತರ ಹಕ್ಕುದಾರರಿಗೆ ಸಲ್ಲುತ್ತದೆ. ಈ ನಿರ್ಣಯಕ್ಕೆ ಹನಫಿ ವಿದ್ವಾಂಸರು ಇಟ್ಟ ಮಾನದಂಡ, ಅವನ ಊರಿನಲ್ಲಿ ಅವನ ವಯಸ್ಸಿನವರೆಲ್ಲ ತೀರಿಕೊಳ್ಳುವುದು. ಅವನ ಜನನದಿಂದ 90 ವರ್ಷ ಎಂದವರಿದ್ದಾರೆ. ಇಮಾಮ್ ಅಬೂ ಯೂಸುಫ್ ಅವರಿಂದ 100 ವರ್ಷವೆಂದೂ ಇಮಾಮ್ ಅಬೂ ಹನೀಫರಿಂದ 120 ವರ್ಷವೆಂದೂ ವರದಿಗಳಿವೆ. ಒಬ್ಬ ಮನುಷ್ಯನನ್ನು ಊಹೆಯ ಮೇಲೆ ಸಾಯಿಸಬಾರದು ಎಂಬ ಎಚ್ಚರ ಇಲ್ಲಿ ಎದ್ದು ಕಾಣುತ್ತದೆ.

ಸೊತ್ತು ಕಾಯಬಲ್ಲದು. ಹೆಣ್ಣಿನ ಯೌವನ ಕಾಯಲಾರದು. ಆದ್ದರಿಂದಲೇ ಪತ್ನಿಯ ವಿಷಯದಲ್ಲಿ ಸಹಾಬಿಗಳ ನಡುವೆಯೇ ಅಭಿಪ್ರಾಯಭೇದವಿತ್ತು. ಮಫ್ಕೂದ್‌ನ ಪತ್ನಿ ನಾಲ್ಕು ವರ್ಷ ಕಾದು, ಬಳಿಕ ನಾಲ್ಕು ತಿಂಗಳು ಹತ್ತು ದಿನಗಳ ಇದ್ದಃ ಪೂರೈಸಿದರೆ ಮರುವಿವಾಹಕ್ಕೆ ಸ್ವತಂತ್ರಳು ಎಂಬುದು ಖಲೀಫಾ ಉಮರ್(ರ) ಅವರ ತೀರ್ಪು. ಇಮಾಮ್ ಮಾಲಿಕ್ ಇದನ್ನು ತಮ್ಮ ‘ಮುವತ್ತಾ’ದಲ್ಲಿ ದಾಖಲಿಸಿದ್ದಾರೆ. ಆಕೆ ಪರೀಕ್ಷೆಗೊಳಗಾದವಳು, ಪತಿಯ ಮರಣದ ಅಥವಾ ತಲಾಕಿನ ಸುದ್ದಿ ಬರುವ ತನಕ ಸಹನೆ ವಹಿಸಬೇಕು ಎಂಬುದು ಅಲಿ(ರ) ಅವರ ಅಭಿಪ್ರಾಯ. ಹನಫಿಗಳು ಈ ಎರಡನೆಯದನ್ನು ಅನುಸರಿಸಿದರು. ಇಮಾಮ್ ಶಾಫಿಈಯವರು ತಮ್ಮ ಹಳೆಯ ಅಭಿಪ್ರಾಯದಲ್ಲಿ ಉಮರ್(ರ) ಅವರೊಂದಿಗಿದ್ದರು, ಹೊಸ ಅಭಿಪ್ರಾಯದಲ್ಲಿ ಖಚಿತ ಸುದ್ದಿಯ ತನಕ ಕಾಯಬೇಕೆಂದರು. ನಮ್ಮ ಕರಾವಳಿಯವರಲ್ಲಿ ಹೆಚ್ಚಿನವರು ಶಾಫಿಈಗಳು, ಘಟ್ಟದ ಮೇಲಿನವರಲ್ಲಿ ಹೆಚ್ಚಿನವರು ಹನಫಿಗಳು. ಹೀಗಾಗಿ ಘಟ್ಟದ ಎರಡೂ ಬದಿಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ಕಠಿಣವಾದ ಅಭಿಪ್ರಾಯವೇ.

ಈ ಸಂಕಟ ಮುಸ್ಲಿಮರದು ಮಾತ್ರವಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ಬಹುಕಾಲ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಅವರ ಪತ್ರಗಳು ಕೈರೋದ ಗೆನಿಜಾ ದಾಖಲೆಗಳಲ್ಲಿ ಉಳಿದು ಬಂದಿವೆ. ಅದೇ ಭಂಡಾರದಲ್ಲಿ ಏಡನ್ ಬಂದರಿನಿಂದ ಹೊರಟು ಕಣ್ಮರೆಯಾದ ‘ಕೂಲಮೀ’ ಎಂಬ ಹಡಗಿನ ಕುರಿತ ಸಾಕ್ಷ್ಯಪತ್ರವೂ ಇದೆ. ಜೊತೆಗೆ ಸಾಗುತ್ತಿದ್ದ ಇನ್ನೊಂದು ಹಡಗಿನವರಿಗೆ ರಾತ್ರಿಯಲ್ಲಿ ಕೂಲಮೀಯವರ ಕೂಗು ಕೇಳಿಸಿತು. ಬೆಳಗಾದಾಗ ಅದರ ಕುರುಹೂ ಇರಲಿಲ್ಲ. ನೋಡಿದವರನ್ನೂ ಕೇಳಿದವರನ್ನೂ ಕರೆಸಿ ಹೇಳಿಕೆ ಬರೆಸಿಕೊಳ್ಳುವ ಶ್ರಮವನ್ನು ಅಂದಿನವರು ವಹಿಸಿದ್ದರು. ಹಡಗು ಬರಲಿಲ್ಲ ಎಂಬಷ್ಟರಿಂದಲೇ ಅದರಲ್ಲಿದ್ದವರನ್ನು ಮೃತರೆಂದು ಎಣಿಸಲು ಅವರು ಸಿದ್ಧರಿರಲಿಲ್ಲ.

ಭಾರತದ ಉಲಮಾಗಳು ಈ ಪ್ರಶ್ನೆಗೆ ಮತ್ತೆ ಮುಖಾಮುಖಿಯಾದುದು 1930ರ ದಶಕದ ಆರಂಭದಲ್ಲಿ. ಪತಿ ಕಣ್ಮರೆಯಾದ ಸ್ತ್ರೀಯರು ಬಿಡುಗಡೆಯ ದಾರಿ ಕಾಣದೆ ಧರ್ಮವನ್ನೇ ತ್ಯಜಿಸಿ ವಿವಾಹಬಂಧನದಿಂದ ಹೊರಬರುತ್ತಿದ್ದ ಪ್ರಕರಣಗಳು ಅವರನ್ನು ಕಂಗೆಡಿಸಿದ್ದವು. ಮೌಲಾನಾ ಅಶ್ರಫ್ ಅಲಿ ಥಾನವಿಯವರು ಮದೀನಾದ ಮಾಲಿಕೀ ವಿದ್ವಾಂಸರಿಗೆ ಪ್ರಶ್ನೆಗಳನ್ನು ಬರೆದು ಕಳುಹಿಸಿ, ಅವರ ಫತ್ವಾಗಳ ಆಧಾರದಲ್ಲಿ ‘ಅಲ್ ಹೀಲತುನ್ನಾಜಿಝ’ ಎಂಬ ಗ್ರಂಥವನ್ನು ರಚಿಸಿದರು. ಹನಫಿಗಳೂ ಅನಿವಾರ್ಯ ಸಂದರ್ಭದಲ್ಲಿ ಮಾಲಿಕೀ ಅಭಿಪ್ರಾಯವನ್ನು ಸ್ವೀಕರಿಸಬಹುದೆಂದು ಅದರಲ್ಲಿ ವಾದಿಸಿದರು. ಒಬ್ಬ ಕಟ್ಟಾ ಹನಫಿ ವಿದ್ವಾಂಸರು ತಮ್ಮ ಮದ್‌ಹಬ್‌ನ ಗಡಿ ದಾಟಿ ಹೆಣ್ಣಿನ ಕಣ್ಣೀರಿಗೆ ಉತ್ತರ ಹುಡುಕಿದ ಈ ಪ್ರಸಂಗ ಇನ್ನಷ್ಟು ಚರ್ಚೆಗೆ ಅರ್ಹವೆಂದು ನಮ್ಮ ಅನಿಸಿಕೆ. ಇದರ ಬೆನ್ನಿಗೇ 1939ರ ಮಾರ್ಚ್ 17ರಂದು ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆ ಜಾರಿಗೆ ಬಂತು. ಪತಿಯ ಸುಳಿವು ನಾಲ್ಕು ವರ್ಷ ಸಿಗದಿದ್ದರೆ ಪತ್ನಿ ನ್ಯಾಯಾಲಯದಿಂದ ಬಿಡುಗಡೆ ಪಡೆಯಬಹುದೆಂದು ಅದು ಹೇಳುತ್ತದೆ. ಆದರೆ ಪತಿಯ ಸಂಭಾವ್ಯ ವಾರೀಸುದಾರರ ಹೆಸರು, ವಿಳಾಸಗಳನ್ನು ಅರ್ಜಿಯಲ್ಲಿ ಬರೆದು ಅವರಿಗೆ ನೋಟಿಸು ತಲುಪಿಸಬೇಕು. ಡಿಕ್ರಿಯಾದ ಬಳಿಕವೂ ಆರು ತಿಂಗಳು ಅದು ಜಾರಿಯಾಗುವುದಿಲ್ಲ. ಅಷ್ಟರೊಳಗೆ ಅವನು ಬಂದು ಸಂಸಾರ ನಡೆಸಲು ಸಿದ್ಧನೆಂದು ನ್ಯಾಯಾಲಯಕ್ಕೆ ಮನಗಾಣಿಸಿದರೆ ಡಿಕ್ರಿ ರದ್ದಾಗುತ್ತದೆ. ಮೊದಲು ವಿಚಾರಣೆ, ಆಮೇಲೆ ನಿರ್ಣಯ ಎಂಬ ಹಳೆಯ ಕ್ರಮವೇ ಇಲ್ಲಿಯೂ ಇದೆ.

ಆ ಕಾಯ್ದೆ ಬಂದು ಆರು ತಿಂಗಳು ತುಂಬುವ ಮೊದಲೇ ಎರಡನೆಯ ಮಹಾಯುದ್ಧ ಆರಂಭವಾಯಿತು. ಭಾರತೀಯ ನಾವಿಕರನ್ನು ಹೊತ್ತ ಹಡಗುಗಳು ಒಂದೊಂದಾಗಿ ಮುಳುಗತೊಡಗಿದವು.

ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ದುಡಿಯುತ್ತಿದ್ದ ಈ ನಾವಿಕರನ್ನು ‘ಲಾಸ್ಕರ್’ ಎಂದು ಕರೆಯುತ್ತಿದ್ದರು. ಸೈನ್ಯ ಎಂಬರ್ಥದ ‘ಲಶ್ಕರ್’ ಪದದಿಂದ ಬಂದ ಹೆಸರಿದು. ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿರುವುದೂ ಅದೇ ಪದ. ಮೊದಲ ಮಹಾಯುದ್ಧದ ಹೊತ್ತಿಗೆ ಅವರ ಸಂಖ್ಯೆ ಸುಮಾರು 50 ಸಾವಿರ. ಹಡಗಿನ ಮೇಲ್ತಟ್ಟಿನಲ್ಲಿ ರತ್ನಾಗಿರಿ, ಕಛ್, ಸೂರತ್ ಕಡೆಯವರು. ಬಾಯ್ಲರ್‌ಗಳ ಬೆಂಕಿಯ ಮುಂದೆ ಸಿಲ್ಹೆಟ್, ಪಂಜಾಬಿನವರು. ಅಡುಗೆ ಮತ್ತು ಊಟದ ಮನೆಯಲ್ಲಿ ಹೆಚ್ಚಾಗಿ ಗೋವಾದವರು. ಮೇಲ್ತಟ್ಟಿನವರಲ್ಲೂ ಬೆಂಕಿಯ ಮುಂದಿದ್ದವರಲ್ಲೂ ಮುಸ್ಲಿಮರೇ ಬಹುಸಂಖ್ಯಾತರು. ಅವರ ಮುಖ್ಯಸ್ಥ ಸೆರಾಂಗ್, ಅವನ ಕೈಕೆಳಗಿನವನು ತಾಂಡೇಲ. ಈ ತಾಂಡೇಲ ನಮ್ಮ ಕರಾವಳಿಯ ದೋಣಿಗಳಲ್ಲಿಯೂ ಇದ್ದವನೇ. ಹಡಗನ್ನು ತಿರುಗಿಸುವವನನ್ನು ಬ್ರಿಟಿಷ್ ದಾಖಲೆಗಳು ‘ಸೀಕನ್ನಿ’ ಎಂದು ಬರೆದಿವೆ. ಅದು ಅರಬಿಯ ‘ಸುಕ್ಕಾನ್’, ನಾವು ದಿನವೂ ಆಡುವ ‘ಚುಕ್ಕಾಣಿ’.

ಜನರನ್ನು ಕೂಡಿಸುವ ಕೆಲಸ ಸೆರಾಂಗನದು. ಅವನು ತನ್ನ ಊರಿನವರನ್ನು, ನೆಂಟರಿಷ್ಟರನ್ನು ಕರೆತರುತ್ತಿದ್ದ. ಅಣ್ಣ ತಮ್ಮಂದಿರು, ಮಾವ ಅಳಿಯಂದಿರು ಒಂದೇ ಹಡಗಿನಲ್ಲಿರುವುದು ಸಾಮಾನ್ಯವಾಗಿತ್ತು. ಆದ್ದರಿಂದ ಒಂದು ಹಡಗು ಮುಳುಗಿದರೆ ಒಂದು ಕೇರಿಯೇ ಗಂಡಸರಿಲ್ಲದೆ ಉಳಿಯುವ ಅಪಾಯವಿತ್ತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ವಾರೀಸು ಹಕ್ಕಿನ ದೃಷ್ಟಿಯಿಂದ ಇದು ಮುಂದೆ ಮುಖ್ಯವಾಗುತ್ತದೆ.

1940ರ ಸೆಪ್ಟೆಂಬರ್ 17ರ ರಾತ್ರಿ ಅಟ್ಲಾಂಟಿಕ್‌ನಲ್ಲಿ ಮುಳುಗಿದ ‘ಸಿಟಿ ಆಫ್ ಬೆನಾರಸ್’ ಹಡಗಿನ ಕಥೆ ಬ್ರಿಟನ್ನಿನಲ್ಲಿ ಮನೆಮಾತು. ಯುದ್ಧದಿಂದ ಕಾಪಾಡಲೆಂದು ಕೆನಡಾಕ್ಕೆ ಕಳುಹಿಸಲಾಗುತ್ತಿದ್ದ 90 ಮಕ್ಕಳ ಪೈಕಿ 77 ಮಕ್ಕಳು ಅದರಲ್ಲಿ ಅಸುನೀಗಿದರು. ಆ ಮಕ್ಕಳ ಮೇಲೆ ಪುಸ್ತಕಗಳು ಬಂದಿವೆ, ಅವರ ಹೆಸರುಗಳು ಎಲ್ಲರಿಗೂ ಲಭ್ಯ. ಅದೇ ಹಡಗಿನಲ್ಲಿ ನೂರರಷ್ಟು ಲಾಸ್ಕರರೂ ಪ್ರಾಣ ಕಳಕೊಂಡರು. ಎಂಟು ದಿನ ಅಲೆದಾಡಿ ಬದುಕುಳಿದ ದೋಣಿಯೊಂದರಲ್ಲಿದ್ದ 46 ಜನರಲ್ಲಿ ಹೆಚ್ಚಿನವರು ಲಾಸ್ಕರರೇ. ಮಕ್ಕಳಿಗಾಗಿ ಅತ್ತವರನ್ನು ನಾವು ದೂರುವುದಿಲ್ಲ. ಆದರೆ ಈ ನೂರು ಮನೆಗಳಿಗೆ ಸುದ್ದಿ ಯಾವಾಗ ತಲುಪಿತು, ಯಾರು ತಲುಪಿಸಿದರು ಎಂಬುದನ್ನು ಆ ಪುಸ್ತಕಗಳಿಂದ ತಿಳಿಯಲು ಹೊರಟವರಿಗೆ ಸಿಗುವುದು ಅತ್ಯಲ್ಪ.

ಪಶ್ಚಿಮ ಕರಾವಳಿಗೆ ಇನ್ನೂ ಹತ್ತಿರದ್ದು ‘ತಿಲಾವಾ’ ಹಡಗಿನ ದುರಂತ. 1942ರ ನವೆಂಬರ್ 20ರಂದು ಮುಂಬಯಿಯಿಂದ ಪೂರ್ವ ಆಫ್ರಿಕಾ ಮತ್ತು ಡರ್ಬನ್ ಕಡೆಗೆ ಹೊರಟ ಅದರಲ್ಲಿ 958 ಜನರಿದ್ದರು. 23ರ ಮುಂಜಾವ ಜಪಾನಿನ ಜಲಾಂತರ್ಗಾಮಿಯೊಂದು ಅದನ್ನು ಹೊಡೆಯಿತು. ಮೊದಲ ಟಾರ್ಪಿಡೋ ಬಡಿದರೂ ಹಡಗು ಕೂಡಲೇ ಮುಳುಗದ ಕಾರಣ ಕೆಲವರು ದೋಣಿಗಳಿಂದ ಮರಳಿ ಹಡಗನ್ನೇರಿದರು. ಆಮೇಲೆ ಎರಡನೆಯದು ಬಡಿಯಿತು. 678 ಜನ ಉಳಿದರು, 280 ಜನ ಹೋದರು. ಆ ಹಡಗಿನಲ್ಲಿದ್ದ ಬೆಳ್ಳಿಯ ಗಟ್ಟಿಗಳನ್ನು 2017ರಲ್ಲಿ ಸಮುದ್ರತಳದಿಂದ ಮೇಲೆತ್ತಲಾಯಿತು. ಅವು ಯಾರಿಗೆ ಸೇರಬೇಕೆಂಬ ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ತನಕ ಹೋಗಿ 2024ರಲ್ಲಿ ತೀರ್ಮಾನವಾಯಿತು. ಮಡಿದವರ ಮಕ್ಕಳು, ಮೊಮ್ಮಕ್ಕಳು ಮುಂಬಯಿಯಲ್ಲಿ ಒಂದೆಡೆ ಸೇರಿ ಅವರನ್ನು ಸ್ಮರಿಸಿದ್ದು 2022ರಲ್ಲಿ, 80 ವರ್ಷಗಳ ಬಳಿಕ.

ಹಾಗಾದರೆ ಹೆಸರುಗಳು ಎಲ್ಲಿವೆ? ಕೆಲವು ಕಲ್ಲಿನ ಹತ್ತಿರ, ಕೆಲವು ಪುಸ್ತಕದಲ್ಲಿ. ಮೊದಲ ಮಹಾಯುದ್ಧದಲ್ಲಿ ಮಡಿದ, ಸಮುದ್ರವಲ್ಲದೆ ಬೇರೆ ಖಬರ್ ಇಲ್ಲದ ಎರಡು ಸಾವಿರಕ್ಕೂ ಹೆಚ್ಚು ನಾವಿಕರ ಸ್ಮಾರಕ ಮುಂಬಯಿಯ ಮಸ್ಜಿದ್ ಬಂದರ್ ಬಳಿಯ ನಾವಿಕರ ಗೃಹದಲ್ಲಿದೆ. ಬಂಗಾಳ ಮತ್ತು ಅಸ್ಸಾಮಿನ 896 ಲಾಸ್ಕರರ ನೆನಪಿಗೆ ಕೋಲ್ಕತಾದ ಹೂಗ್ಲಿ ತೀರದಲ್ಲಿ 1924ರಲ್ಲಿ ಒಂದು ಸ್ತಂಭ ನಿಂತಿತು. ಎರಡನೆಯ ಮಹಾಯುದ್ಧದಲ್ಲಿ ಕಡಲುಪಾಲಾದ ಸುಮಾರು 6,500 ಭಾರತೀಯ ನಾವಿಕರ ಹೆಸರುಗಳನ್ನು ಗ್ರಂಥರೂಪದಲ್ಲಿ ಬರೆದು ಚಿತ್ತಗಾಂಗ್ ಮತ್ತು ಮುಂಬಯಿಗಳಲ್ಲಿ ಇರಿಸಲಾಗಿದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಅಂತರ್ಜಾಲ ಪಟ್ಟಿಯಲ್ಲಿ ಈ ಹೆಸರುಗಳನ್ನು ಯಾರೂ ಉಚಿತವಾಗಿ ಹುಡುಕಬಹುದು. ನಾವಿಕನ ಹೆಸರು, ಕೆಲಸ, ಹಡಗಿನ ಹೆಸರು, ದಿನಾಂಕ ಇರುತ್ತವೆ. ಕೆಲವರ ಮುಂದೆ ತಂದೆಯ ಹೆಸರೂ ಊರೂ ಇರುತ್ತದೆ, ಅನೇಕರ ಮುಂದೆ ಇರುವುದಿಲ್ಲ.

ಹುಡುಕುವವರಿಗೆ ಎದುರಾಗುವ ದೊಡ್ಡ ತೊಡಕು ಗುಮಾಸ್ತನ ಕಾಗುಣಿತ. ಶೇಖ್ ಎಂಬ ಒಂದೇ ಹೆಸರನ್ನು ನಾಲ್ಕಾರು ರೀತಿಯಲ್ಲಿ ಬರೆಯಲಾಗಿದೆ. ಮುಹಮ್ಮದ್, ಹುಸೈನ್, ಖಾದರ್ ಎಂಬವುಗಳ ಗತಿಯೂ ಅದೇ. ಇನ್ನೂ ವಿಷಾದಕರವಾದುದು ‘ಅಬ್ದುಲ್’ ಎಂದಷ್ಟೇ ಬರೆದು ಬಿಟ್ಟಿರುವುದು. ಅಲ್ಲಾಹನ ಒಂದು ನಾಮ ಜೊತೆಗೂಡದೆ ಆ ಪದಕ್ಕೆ ಅರ್ಥವೇ ಇಲ್ಲ. ಅಬ್ದುಲ್ ಕರೀಮನೋ ಅಬ್ದುಲ್ ರಹ್ಮಾನನೋ ಎಂದು ಕೇಳುವ ವ್ಯವಧಾನ ಗುಮಾಸ್ತನಿಗಿರಲಿಲ್ಲ. ಮುಂಬಯಿಯಲ್ಲಿ ಕರಾರಿಗೆ ಹೆಬ್ಬೆಟ್ಟು ಒತ್ತಿದವನ ಊರು ಮುಂಬಯಿ ಎಂದೇ ದಾಖಲಾಗಿರುವ ಸಾಧ್ಯತೆಯನ್ನೂ ಮರೆಯಬಾರದು. ಆದ್ದರಿಂದ ವ್ಯಕ್ತಿಯ ಹೆಸರಿಗಿಂತ ಹಡಗಿನ ಹೆಸರಿನಿಂದ ಹುಡುಕಾಟ ಆರಂಭಿಸುವುದು ಮೇಲು. ಹಡಗು ತಿಳಿದರೆ ಅದರ ಕಂಪೆನಿ, ಬಂದರು, ಮುಳುಗಿದ ದಿನ ಎಲ್ಲವೂ ತಿಳಿಯುತ್ತವೆ. ಬ್ರಿಟಿಷ್ ಹಡಗುಗಳ 1863ರಿಂದ 1938ರ ತನಕದ ಸಿಬ್ಬಂದಿ ಪಟ್ಟಿಗಳಲ್ಲಿ ಹೆಚ್ಚಿನ ಭಾಗ ಇಂದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಕಡಲ ಇತಿಹಾಸ ಭಂಡಾರದಲ್ಲಿದೆ. ಉಳಿದವು ಲಂಡನ್ನಿನ ರಾಷ್ಟ್ರೀಯ ದಾಖಲಾಗಾರ ಮತ್ತು ಕಡಲ ವಸ್ತುಸಂಗ್ರಹಾಲಯಗಳಲ್ಲಿ ಹಂಚಿಹೋಗಿವೆ.

ಇನ್ನು ಕೂಲಿಗಳಾಗಿ ವಲಸೆ ಹೋದವರ ಕಡತ ಬೇರೆಯೇ. 1834ರಿಂದ ಮಾರಿಷಸ್‌ಗೆ, 1860ರಿಂದ ದಕ್ಷಿಣ ಆಫ್ರಿಕಾದ ನಟಾಲ್‌ಗೆ, 1873ರಿಂದ ಸುರಿನಾಮ್‌ಗೆ, 1879ರಿಂದ ಫಿಜಿಗೆ ಕರಾರಿನ ಕೂಲಿಗಳು ಹೋದರು. 1860ರ ನವೆಂಬರ್ 16ರಂದು ಡರ್ಬನ್ ತಲುಪಿದ ಮೊದಲ ಹಡಗು ‘ಟ್ರೂರೋ’ ಹೊರಟದ್ದು ಮದ್ರಾಸಿನಿಂದ. 1911ರ ತನಕ ನಟಾಲ್‌ಗೆ ಹೋದ 1,52,184 ಜನರಲ್ಲಿ ಹೆಚ್ಚಿನವರು ಮದ್ರಾಸಿನಿಂದಲೇ ಹಡಗೇರಿದವರು, ಅವರಲ್ಲಿ ಮೈಸೂರು ಸೀಮೆಯವರೂ ಇದ್ದರು. ಈ ವಲಸೆಯ ಚೀಟಿಗಳು ಲಾಸ್ಕರರ ಪಟ್ಟಿಗಳಿಗಿಂತ ಹೆಚ್ಚು ವಿವರವಾಗಿವೆ. ಹೆಸರು, ತಂದೆಯ ಹೆಸರು, ವಯಸ್ಸು, ಜಿಲ್ಲೆ, ಠಾಣೆ, ಗ್ರಾಮ, ಎತ್ತರ, ಮೈಮೇಲಿನ ಗುರುತು, ಎಲ್ಲವನ್ನೂ ಬರೆದಿದ್ದಾರೆ. ಜಾತಿಯ ಕಲಮಿನಲ್ಲಿ ‘ಮುಸಲ್ಮಾನ್’ ಎಂದಿರುತ್ತದೆ. ಓಡಿಹೋದರೆ ಹಿಡಿಯಲು ಅನುಕೂಲವಾಗಲೆಂದು ಬರೆದ ಈ ವಿವರಗಳೇ ಇಂದು ಮರಿಮೊಮ್ಮಕ್ಕಳಿಗೆ ಅಜ್ಜನ ಊರು ತೋರಿಸುತ್ತಿವೆ. ಮಾರಿಷಸ್‌ನ ಮಹಾತ್ಮಾ ಗಾಂಧಿ ಸಂಸ್ಥೆಯಲ್ಲಿ ಈ ದಾಖಲೆಗಳೊಂದಿಗೆ ಕೂಲಿಗಳ ಭಾವಚಿತ್ರಗಳೂ ಉಳಿದಿವೆ.

ಹಡಗೇರಿದವರೆಲ್ಲರೂ ಇಳಿಯಲಿಲ್ಲ. 1856–57ರಲ್ಲಿ ಕಲ್ಕತ್ತಾದಿಂದ ವೆಸ್ಟ್ ಇಂಡೀಸ್‌ಗೆ ಹೊರಟವರಲ್ಲಿ ನೂರಕ್ಕೆ 17ರಷ್ಟು ಜನ ದಾರಿಯಲ್ಲೇ ತೀರಿಕೊಂಡರು. 1884ರ ಮೇ 11ರಂದು ‘ಸಿರಿಯಾ’ ಎಂಬ ಹಡಗು ಫಿಜಿಯ ದಡ ಕಾಣುವಷ್ಟು ಹತ್ತಿರದಲ್ಲಿ ಬಂಡೆಗೆ ಬಡಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ನೀರಿನಲ್ಲಿ ಮುಳುಗಿ ಮಡಿದ ವಿಶ್ವಾಸಿಗೆ ಶಹೀದನ ಸ್ಥಾನವಿದೆಯೆಂದು ಪ್ರವಾದಿ(ಸ) ತಿಳಿಸಿರುವುದು ಅಂಥ ಮನೆಗಳಿಗೆ ದೊಡ್ಡ ಸಾಂತ್ವನ. ಹಡಗಿನಲ್ಲಿ ತೀರಿಕೊಂಡವನ ಬಗ್ಗೆಯೂ ಫುಕಹಾಗಳು ಚರ್ಚಿಸಿದ್ದಾರೆ. ದಡ ದೂರವಿದ್ದರೆ ಮಯ್ಯಿತ್‌ಗೆ ಸ್ನಾನ ಮಾಡಿಸಿ, ಕಫನ್ ಹೊದಿಸಿ, ಜನಾಝ ನಮಾಝ್ ನಿರ್ವಹಿಸಿ ಸಮುದ್ರಕ್ಕೆ ಇಳಿಸಬೇಕು. ಎರಡು ಹಲಗೆಗಳ ನಡುವೆ ಕಟ್ಟಿ ಬಿಡಬೇಕೆಂದು ಇಮಾಮ್ ಶಾಫಿಈ ಹೇಳಿದ್ದಾರೆ. ಅಲೆಗಳು ಅದನ್ನು ಯಾವುದಾದರೂ ದಡಕ್ಕೆ ಮುಟ್ಟಿಸಿದರೆ ಅಲ್ಲಿನ ಮುಸ್ಲಿಮರು ದಫನ್ ಮಾಡಿಯಾರು ಎಂಬ ನಿರೀಕ್ಷೆ ಅದರ ಹಿಂದಿದೆ.

ಹುಡುಕಾಟದ ಕೊನೆಯಲ್ಲಿ ಸಿಗುವುದು ಸದಾ ಸಾವೇ ಎಂದು ಭಾವಿಸಬೇಕಾಗಿಲ್ಲ. ದುಡಿಮೆಯ ಕಷ್ಟ ತಾಳಲಾರದೆ ಲಂಡನ್, ಕಾರ್ಡಿಫ್, ನ್ಯೂಯಾರ್ಕ್ ಬಂದರುಗಳಲ್ಲಿ ಹಡಗು ಬಿಟ್ಟು ಓಡಿದ ಲಾಸ್ಕರರು ಅನೇಕರು. ಬಂಗಾಳದ ಮುಸ್ಲಿಂ ನಾವಿಕರು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ನೆಲೆಸಿ, ಅಲ್ಲಿನ ಕರಿಯ ಮತ್ತು ಪೋರ್ಟೊರಿಕೋ ಮೂಲದ ಸ್ತ್ರೀಯರನ್ನು ವಿವಾಹವಾಗಿ ಸಂಸಾರ ಹೂಡಿದ ಇತಿಹಾಸವನ್ನು ವಿವೇಕ್ ಬಾಲ್ಡ್ ಅವರು ವಿಸ್ತಾರವಾಗಿ ಬರೆದಿದ್ದಾರೆ. ಊರಿನಲ್ಲಿ ಮಫ್ಕೂದ್ ಎನಿಸಿದವನು ಅಲ್ಲಿ ಮಕ್ಕಳ ತಂದೆಯಾಗಿದ್ದ. ಆ ನಿಕಾಹ್ ಸಿಂಧುವಾಗಿದ್ದರೆ ಆ ಮಕ್ಕಳೂ ಇಲ್ಲಿಯ ಮಕ್ಕಳಷ್ಟೇ ಹಕ್ಕುದಾರರು. ಈ ಮಾತು ಕೆಲವು ಮನೆಗಳಿಗೆ ಹಿತವೆನಿಸದು, ಆದರೂ ಹೇಳಲೇಬೇಕಾದದ್ದು.

ಮನೆಯಲ್ಲಿ ಯಾರಾದರೂ ಈ ಕೆಲಸ ಕೈಗೆತ್ತಿಕೊಳ್ಳುವುದಾದರೆ ಮೊದಲು ಹಿರಿಯ ಹೆಂಗಸರನ್ನು ಕೇಳಬೇಕು. ಗಂಡಸರು ಊರಿನ ಹೆಸರು ಹೇಳಿಯಾರು. ಯಾವ ನೋಂಬಿನ ವರ್ಷ ಹೋದರು, ಕೊನೆಯ ಮನಿಯಾರ್ಡರ್ ಯಾವ ಬಂದರಿನಿಂದ ಬಂತು, ಜೊತೆಗೆ ಹೋದವರು ಯಾರು ಎಂಬುದನ್ನು ಅಜ್ಜಿಯಂದಿರೇ ಹೇಳಬಲ್ಲರು. ಪೆಟ್ಟಿಗೆಯ ತಳದಲ್ಲಿ ನಾವಿಕನ ಹಳೆಯ ಪುಸ್ತಕ (ಇಂದಿನವರು ಸಿಡಿಸಿ ಎನ್ನುವಂಥದ್ದು) ಇದ್ದರೆ ಅದರ ಪ್ರತಿ ಪುಟದಲ್ಲೂ ಒಂದೊಂದು ಹಡಗಿನ ಹೆಸರಿರುತ್ತದೆ. ಮಡಿದ ನಾವಿಕನ ಬಾಕಿ ಸಂಬಳಕ್ಕಾಗಿ ಮನೆಯವರು ಬಂದರಿನ ಶಿಪ್ಪಿಂಗ್ ಅಧಿಕಾರಿಗೆ ಬರೆದ ಅರ್ಜಿಯ ನಕಲು ಸಿಕ್ಕಿದರೆ ಅದು ಇನ್ನೂ ಬೆಲೆಯುಳ್ಳದ್ದು. ಅದರಲ್ಲಿ ಅಂದಿನ ವಾರೀಸುದಾರರೆಲ್ಲರ ಹೆಸರುಗಳಿರುತ್ತವೆ.

ಹೆಸರು ಸಿಕ್ಕಿದಾಗ ದಿನಾಂಕವನ್ನೂ ಸಾಧ್ಯವಾದರೆ ಗಳಿಗೆಯನ್ನೂ ಬರೆದಿಟ್ಟುಕೊಳ್ಳಬೇಕು. ಫಿಕ್ಹ್‌ನ ವಾರೀಸು ಪ್ರಕರಣದಲ್ಲಿ ಒಟ್ಟಿಗೆ ಮುಳುಗಿದವರ ಬಗ್ಗೆ ಪ್ರತ್ಯೇಕ ನಿಯಮವಿದೆ. ತಂದೆಯೂ ಮಗನೂ, ಅಥವಾ ಇಬ್ಬರು ಸಹೋದರರು ಒಂದೇ ಹಡಗಿನಲ್ಲಿ ಮಡಿದು, ಯಾರು ಮೊದಲು ತೀರಿಕೊಂಡರೆಂಬುದು ತಿಳಿಯದಿದ್ದರೆ ಅವರು ಪರಸ್ಪರ ವಾರೀಸುದಾರರಾಗುವುದಿಲ್ಲ. ಒಬ್ಬೊಬ್ಬನ ಸೊತ್ತೂ ಅವನವನ ಜೀವಂತ ಹಕ್ಕುದಾರರಿಗೆ ಹೋಗುತ್ತದೆ. ಒಬ್ಬನು ಹಡಗಿನೊಂದಿಗೇ ಮುಳುಗಿ, ಇನ್ನೊಬ್ಬನು ದೋಣಿಯಲ್ಲಿ ಮೂರು ದಿನ ಬದುಕಿದ್ದು ತೀರಿಕೊಂಡನೆಂದು ದಾಖಲೆ ಹೇಳಿದರೆ ಲೆಕ್ಕ ಬೇರೆಯಾಗುತ್ತದೆ. ಆಗ ಹಳೆಯ ಪಾಲುಪಟ್ಟಿಯನ್ನು ಬಲ್ಲ ಆಲಿಮರೊಬ್ಬರ ಮುಂದಿಟ್ಟು, ಮೊದಲಿನಿಂದ ಮತ್ತೊಮ್ಮೆ ನೋಡಿಸಬೇಕಾಗುತ್ತದೆ.